ಹಲ್ಲಿನ ಡಾಕ್ಟರಮ್ಮನ ಹಾಡಿನ ಡಬ್ಬಿ

ಬಾಯಿ ತೆರೆದು ಮಲಗಿದವರ ಎದುರು ದಿನ ಕಳೆಯುವವಳು ನಗುವಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಂದು ಸರದಿಯಲ್ಲಿ ಕೂತಿರುತ್ತವೆ. ಹಾಡು ಕೇಳುವುದಕ್ಕೆಂದೇ ನಾನೊಂದು ದುಬಾರಿ ಡಬ್ಬಿ ಕೊಂಡ ಮೇಲಂತೂ ಅವು ಸರದಿಯನ್ನೂ ಕಾಯದೆ ನೇರ ಒಳಗೇ ನುಗ್ಗತೊಡಗಿದವು.

ನಾನು ಹಲ್ಲಿನ ಡಾಕ್ಟರು. ಕ್ಲಿನಿಕ್ಕು ಶಿರಸಿಯಲ್ಲಿ. ಬುಧವಾರ ಸಿದ್ದಾಪುರ, ಶನಿವಾರ ಯಲ್ಲಾಪುರ. ಎರಡೂ ಕಡೆ ಒಂದೊಂದು ಬಾಡಿಗೆ ಕೋಣೆ, ಒಂದೊಂದು ಕುರ್ಚಿ. ಹಲ್ಲು ಕೊರೆಯುವ ಮಷಿನ್ನಿನ ‘ಕುಂಯ್’ ಎನ್ನುವ ಸದ್ದು ನಿಮಗೆ ಯಾವಾಗಲೋ ಒಮ್ಮೆ ಕೇಳಿದರೇ ಎದೆ ಝಲ್ಲೆನ್ನುತ್ತದೆ. ನನಗೆ ಅದು ದಿನವಿಡೀ ಕಿವಿಯ ಬುಡದಲ್ಲೇ. ಒಂದು ದಿನ ಮನೆಯಲ್ಲಿ ಕುಕ್ಕರಿನ ಸೀಟಿ ನನಗೆ ಕೇಳಲೇ ಇಲ್ಲ. ಅಕ್ಕಪಕ್ಕದ ಮನೆಯವರಿಗೆಲ್ಲ ಕೇಳಿತ್ತು. ಹುಬ್ಬಳ್ಳಿಗೆ ಹೋಗಿ ಕಿವಿ ತೋರಿಸಿದೆ. ಅಲ್ಲಿನ ಡಾಕ್ಟರು ಪರೀಕ್ಷೆ ಮಾಡಿ, “ಮ್ಯಾಲಿನ ಸ್ವರ ಸ್ವಲ್ಪ ಮಾಸ್ಯಾವ್ರೀ. ಗಾಬರಿ ಆಗೂವಂಥಾದ್ದೇನಿಲ್ಲ. ಆದ್ರ ಹ್ವಾದದ್ದು ಹೊಳ್ಳಿ ಬರಂಗಿಲ್ಲ. ಕೇಳೂದೇನೈತಿ, ಸಣ್ಣ ದನಿಯೊಳಗ ಚಂದಂಗ ಕೇಳಿಬಿಡ್ರಿ” ಎಂದರು.

ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಯೋಚಿಸಿದೆ. ನಮ್ಮ ಅಪ್ಪ ರೇಡಿಯೋದ ಮುಂದೆ ತೊಡೆಯ ಮೇಲೆ ಕೂರಿಸಿಕೊಂಡು ಖ್ಯಾಲು ಕೇಳಿಸಿದ ಕಿವಿ ಇದು. ಇದರಲ್ಲಿ ಉಳಿದಿರುವಷ್ಟನ್ನು ಮಷಿನ್ನಿಗೆ ಬಿಟ್ಟುಕೊಡಲಾರೆ. ಕೇಳುವುದಾದರೆ ಇನ್ನು ಅಚ್ಚುಕಟ್ಟಾಗಿಯೇ ಕೇಳುವುದು. ಯಾರು ಏನೇ ಅನ್ನಲಿ.

ಅನ್ನುವವರು ಮನೆಯಲ್ಲೇ ಇದ್ದರು.

೧. ಕೊಟ್ಟಿಗೆ ಇಲ್ಲದ ದನ

ನಮ್ಮ ಮನೆಯವರು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವರು. ಒಳ್ಳೆಯ ಮನುಷ್ಯ, ಆದರೆ ಯಾವ ಮಾತಿಗೂ ‘ಎಂತಕ್ಕೆ’ ಎಂದು ಕೇಳದೆ ಇರಲಾರರು.

“ಹಾಡು ಫೋನಲ್ಲೇ ಸಿಗ್ತು. ಮತ್ತೆ ಇದೆಂತಕ್ಕೆ?” ಎಂದರು.

ಫೋನಿನಲ್ಲಿ ಸಿಗುವುದು ಹಿಂಡಿದ ಹಾಡು, ಇದರಲ್ಲಿ ಬರುವುದು ಹಿಂಡದೆ ಇಟ್ಟ ಹಾಡು ಎಂದು ವಿವರಿಸಿದೆ. ಗವಾಯಿಗಳು ಆಲಾಪ ಮುಗಿಸಿ ಇನ್ನೇನು ಚೀಜಿನ ಸಾಲು ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಫೋನಿನೊಳಗಿಂದ ಯಾರೋ “ಡಾಕ್ಟ್ರೇ, ಹಲಸಿನ ಹಪ್ಪಳ ತಿನ್ನೂವಾಗ ನೀವು ಹಾಕಿದ ಸಿಮೆಂಟು ಬಿದ್ದೋತು” ಎನ್ನುತ್ತಾರೆ. ಈ ಡಬ್ಬಿಗೆ ಸಿಮ್ಮೇ ಇಲ್ಲ, ಇದರೊಳಗೆ ಯಾರ ಸಿಮೆಂಟೂ ಬೀಳುವುದಿಲ್ಲ ಎಂದೆ.

ಅವರು ನನ್ನ ಜತೆ ವಾದ ಮಾಡದೆ ನೇರ ಸುಪ್ರೀಂ ಕೋರ್ಟಿಗೆ ಹೋದರು. ಎಂದರೆ ಅವರ ಅಮ್ಮನ ಹತ್ತಿರ. ನಮ್ಮ ಅತ್ತೆ ಹಾಸಿಗೆ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು.

“ಆಯಿ, ನಿನ್ನ ಸೊಸೆ ಹಾಡು ಕೇಳಲೆ ಒಂದು ಡಬ್ಬಿ ತಗತ್ತಡ. ಆ ದುಡ್ಡಿಗೆ ಒಂದು ಒಳ್ಳೇ ಹಾಲಿನ ದನವೇ ಬರ್ತಿತ್ತು.”

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ನನ್ನ ಕಡೆ ನೋಡಿದರು. “ಒಂದ್ಸಲ ಕರೆಂಟು ಕುಡಿಸಿದ್ರೆ ಎಷ್ಟು ಹೊತ್ತು ಹಾಡ್ತೇ ಅದು?”

“ಬೆಳಗಿಂದ ಸಂಜೆವರೆಗೆ, ಅತ್ತೆ.”

“ಸಗಣಿ ಹಾಕ್ತಿಲ್ಲೆ ಅಲ್ದನೇ?”

“ಇಲ್ಲೆ ಅತ್ತೆ.”

“ಹಂಗಾರೆ ತಗ. ಕೊಟ್ಟಿಗೆ ಬಾಚೂದು ಒಂದು ಉಳೀತು.”

೨. ಏಳು

ಕೊಳ್ಳುವುದೆಂದರೆ ಅಂಗಡಿಗೆ ಹೋಗಿ ತರುವುದು ಎಂದುಕೊಂಡಿದ್ದೆ. ಹುಬ್ಬಳ್ಳಿಯ ದೊಡ್ಡ ಅಂಗಡಿಯೊಂದರಲ್ಲಿ ವಿಚಾರಿಸಿದರೆ, ಅವನು ಬಣ್ಣದ ದೀಪ ಮಿಣುಕುವ, ಮದುವೆಮನೆಯ ಅನ್ನದ ಚರಿಗೆಯಷ್ಟು ದೊಡ್ಡ ಸ್ಪೀಕರು ತಂದಿಟ್ಟು, “ಇದನ್ನ ಒಯ್ಯಿರಿ ಮೇಡಂ, ಎದಿ ನಡಗ್ತೈತಿ” ಎಂದ. ನನಗೆ ಎದೆ ನಡುಗುವುದು ಬೇಕಿರಲಿಲ್ಲ. ಆ ಕೆಲಸಕ್ಕೆ ಜನ ನನ್ನ ಕುರ್ಚಿಗೇ ಬರುತ್ತಾರೆ. ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ.

ಡಬ್ಬಿ ಬಂದ ದಿನ ನಮ್ಮ ಕ್ಲಿನಿಕ್ಕಿನ ಸಹಾಯಕಿ ನೆಂಟರ ಮನೆ ಮದುವೆಗೆ ಹೋಗಿದ್ದಳು. ಕುರ್ಚಿಯ ಮೇಲೆ ಸೊಸೈಟಿಯ ಗುಮಾಸ್ತರೊಬ್ಬರು ಬಾಯಿ ಅಗಲಿಸಿಕೊಂಡು ಮಲಗಿದ್ದರು. ಒಂದು ಕಡೆಯ ದವಡೆ ಪೂರ್ತಿ ಮರಗಟ್ಟಿತ್ತು, ಒಳಗೆ ಹತ್ತಿ ತುಂಬಿತ್ತು. ನನ್ನ ಎರಡೂ ಕೈಗೆ ಗ್ಲೌಸು, ಗ್ಲೌಸಿಗೆ ರಕ್ತ. ಹೊರಗಿನಿಂದ ಕೊರಿಯರಿನವನ ದನಿ ಬಂತು: “ಮೇಡಂ, ಓಟಿಪಿ ಹೇಳಿ. ಇಲ್ಲದಿದ್ರೆ ಪಾರ್ಸಲ್ ವಾಪಸ್ ಹೋಗ್ತದೆ.”

ವಾಪಸ್! ಸುಪ್ರೀಂ ಕೋರ್ಟಿನಲ್ಲಿ ಗೆದ್ದು ತರಿಸಿದ ಡಬ್ಬಿ!

ಗುಮಾಸ್ತರ ಕೈ ಖಾಲಿ ಇತ್ತು. “ದಯವಿಟ್ಟು ಆ ಟ್ರೇ ಪಕ್ಕದ ನನ್ನ ಫೋನು ತಗೊಂಡು, ಬಂದಿರೋ ನಂಬರು ಸ್ವಲ್ಪ ಗಟ್ಟಿಯಾಗಿ ಓದ್ತೀರಾ?” ಎಂದೆ. ಪಾಪ, ಒಪ್ಪಿಕೊಂಡರು.

“ಆ...ಉ,” ಎಂದರು.

“ಆರಾ ಸಾರ್, ನಾಲ್ಕಾ?” ಎಂದ ಹೊರಗಿನವನು.

“ಆ...ಉ!” ಎಂದರು ಇನ್ನೂ ಗಟ್ಟಿಯಾಗಿ.

ಅವನು ಆರು ಎಂದು ಶುರುಮಾಡಿ ಉಳಿದ ಅಂಕಿಗಳನ್ನೂ ಹೀಗೇ ಊಹಿಸಿ ಒತ್ತಿದ, ತಪ್ಪಾಯಿತು. ನಾಲ್ಕು ಎಂದು ಶುರುಮಾಡಿದ, ಅದೂ ತಪ್ಪಾಯಿತು. “ಮೇಡಂ, ಇನ್ನೊಂದು ಸಲ ತಪ್ಪಾದ್ರೆ ಲಾಕು” ಎಂದ. ನಾನು ಹೆಚ್ಚು ಯೋಚಿಸಲಿಲ್ಲ. ಚಿಮಟದಿಂದ ಗುಮಾಸ್ತರ ಬಾಯಿಯ ಹತ್ತಿಯನ್ನೆಲ್ಲ ಹೊರಗೆಳೆದೆ. “ಈಗ ಹೇಳಿ!”

ಹತ್ತಿ ಹೋದ ಸಂತೋಷಕ್ಕೋ ಏನೋ, ಅವರಿಗೆ ಸ್ವರ ಒದಗಿ ಬಂತು. ಮೊದಲ ಎರಡು ಅಂಕಿ ಸ್ಪಷ್ಟವಾಗಿ ಹೇಳಿ, ಮೂರನೆಯದನ್ನು ಗೋಡೆ ಅದುರುವ ಹಾಗೆ ಕೂಗಿದರು: “ಏಳು!”

ಹೊರಗೆ ಬೆಂಚು ಕಿರ್ರೆಂದಿತು. ಕಾಯುತ್ತ ಕೂತಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತಿದ್ದರು. ಅದೇ ಬೆಂಚಿನ ತುದಿಯಲ್ಲಿ ಕೂತಿದ್ದ ಕೊರಿಯರಿನವನೂ ಎದ್ದಿದ್ದ.

ಕೊನೆಯ ಅಂಕಿಯೂ ಅದೇ ಆಗಿತ್ತು. “ಏಳು!” ಎಂದರು ಗುಮಾಸ್ತರು ಮತ್ತೊಮ್ಮೆ.

ಹೊರಗಿನಿಂದ ವಯಸ್ಸಾದ ಹೆಂಗಸೊಬ್ಬರ ದನಿ ಕೇಳಿತು: “ಎದ್ದಾಯ್ತಲ ಮಾರಾಯ್ರೇ, ಎಷ್ಟು ಸಲ ಏಳೂದು!”

೩. ಪಾಳಿ ಕಾದವರು

ಇಂಥ ಡಬ್ಬಿ ಕೊಂಡವರದ್ದು ಇಂಟರ್‌ನೆಟ್ಟಿನಲ್ಲಿ ಒಂದು ಪಂಥವೇ ಇದೆ. ಡಬ್ಬಿಯ ಜತೆ ಬರುವ ಹೊಸ ಹೆಡ್‌ಫೋನನ್ನು ತಂದ ಕೂಡಲೇ ಕಿವಿಗೆ ಹಾಕಬಾರದಂತೆ. ಹಲವು ದಿನ ಹಗಲೂ ರಾತ್ರಿ ಅದರಷ್ಟಕ್ಕೆ ಹಾಡಲು ಬಿಟ್ಟು ಪಳಗಿಸಬೇಕಂತೆ. ಆಗ ದನಿ ಬಿಚ್ಚಿಕೊಳ್ಳುತ್ತದಂತೆ. ಇದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಹೌದು ಎನ್ನುವವರೂ ಅಲ್ಲ ಎನ್ನುವವರೂ ಅಲ್ಲಿ ಇನ್ನೂ ಹೊಡೆದಾಡುತ್ತಿದ್ದಾರೆ. ನಾನಂತೂ ಅಚ್ಚುಕಟ್ಟಾಗಿ ಕೇಳುವುದೆಂದು ಹಟ ಹಿಡಿದವಳು. ಪಳಗಿಸಿಯೇ ಬಿಡೋಣ ಎಂದುಕೊಂಡೆ.

ಮನೆಯಲ್ಲಿಟ್ಟರೆ ‘ಎಂತಕ್ಕೆ’ ಶುರುವಾಗುತ್ತದೆ. ಹಾಗಾಗಿ ಕ್ಲಿನಿಕ್ಕಿಗೆ ತಂದೆ. ಸಹಾಯಕಿಗೆ ವಿಷಯ ತಿಳಿಸಿದಾಗ ಅವಳು, “ಹೋ, ಹೊಸ ದೋಸೆ ಕಾವಲಿ ಪಳಗಿಸಿದ ಹಾಗೆ” ಎಂದು ಒಂದೇ ಮಾತಿನಲ್ಲಿ ಅರ್ಥ ಮಾಡಿಕೊಂಡಳು. ಆದರೆ ಹೆಡ್‌ಫೋನನ್ನು ಮೇಜಿನ ಮೇಲೆ ಬಿಟ್ಟರೆ ನೀರು, ಔಷಧಿ ಏನಾದರೂ ಚೆಲ್ಲೀತು ಎಂದು ಅವಳಿಗೆ ಕಾಳಜಿ. ಹುಡುಕಿ ಹುಡುಕಿ ಒಂದು ಸುರಕ್ಷಿತ ಜಾಗ ಕಂಡುಹಿಡಿದಳು. ದವಡೆ ಹೇಗಿರುತ್ತದೆ ಎಂದು ಜನರಿಗೆ ತೋರಿಸಲು ನನ್ನಲ್ಲಿ ಒಂದು ಪ್ಲಾಸ್ಟಿಕ್ಕಿನ ತಲೆಬುರುಡೆ ಇದೆ. ಹೆಡ್‌ಫೋನನ್ನು ಅದಕ್ಕೇ ತೊಡಿಸಿ, ಬುರುಡೆಯನ್ನು ಒರೆಸಿ, ಧೂಳು ಕೂರದಿರಲೆಂದು ಹೊರಗಿನ ಕೋಣೆಯ ಗಾಜಿನ ಕಪಾಟಿನಲ್ಲಿ ಇಟ್ಟಳು. ನಾನು ನೋಡಿರಲಿಲ್ಲ.

ಮರುದಿನ ಬನವಾಸಿ ಕಡೆಯಿಂದ ಅನಾನಸು ಬೆಳೆಯುವ ಗೌಡರೊಬ್ಬರು ಬಂದರು. ಅವತ್ತು ಜನ ಬಹಳ. ಪಾಪ, ಊದಿದ ಗಲ್ಲ ಹಿಡಿದುಕೊಂಡು ಬೆಳಗಿನಿಂದ ಆ ಕಪಾಟಿನ ಎದುರೇ ಕೂತಿದ್ದರು. ಒಳಗೆ ಕರೆದಾಗ ಬರಲು ಸ್ವಲ್ಪ ಹಿಂದೆಮುಂದೆ ನೋಡಿದರು.

“ಯಾಕ್ರೀ ಗೌಡ್ರೇ, ಹೆದರಿಕೆಯಾ?”

“ಹೆದರಿಕಿ ಅಲ್ರೀ ಡಾಕ್ಟ್ರ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ.” ಅವರು ಕಪಾಟಿನ ಕಡೆ ಬೆರಳು ಮಾಡಿ ದನಿ ತಗ್ಗಿಸಿದರು. “ಅಲ್ಲಿ ಹಾಡು ಕೇಳಕೋತ ಕುಂತಾರಲ್ರೀ, ಅವರು ಬಂದಾಗಿಂದನ ಹಂಗಿದ್ರೋ, ಪಾಳಿ ಕಾದು ಕಾದು ಹಂಗಾದ್ರೋ?”

೪. ತಾಳ ಮತ್ತು ಹಲ್ಲು

ಪಳಗಿತು ಎಂದು ನನಗೆ ನಾನೇ ಹೇಳಿಕೊಂಡು ಕೇಳಲು ಶುರುಮಾಡಿದೆ. ಏನು ಹೇಳಲಿ! ತಂಬೂರಿಯ ನಾಲ್ಕೂ ತಂತಿ ಬೇರೆ ಬೇರೆ ಕೇಳಿದವು. ತಬಲದ ಚರ್ಮದ ಮೇಲೆ ಅಂಗೈ ಒರೆಸಿದ್ದು ಕೇಳಿತು. ನನ್ನ ಕಿವಿ ಇನ್ನೂ ಇದೆ ಎಂದು ಕಣ್ಣಲ್ಲಿ ನೀರು ಬಂತು. ಇಷ್ಟು ಒಳ್ಳೆಯದನ್ನು ನಾನೊಬ್ಬಳೇ ಅನುಭವಿಸುವುದು ಸರಿಯಲ್ಲ, ಕುರ್ಚಿಯಲ್ಲಿ ಹೆದರಿ ನಡುಗುವವರಿಗೂ ಕೇಳಿಸೋಣ, ಕೊರೆಯುವ ಸದ್ದು ಅವರ ಕಿವಿಗೆ ಬೀಳದಿರಲಿ ಎಂಬ ಉದಾರ ಬುದ್ಧಿ ಹುಟ್ಟಿತು.

ಮೊದಲ ಪ್ರಯೋಗ ಸಿದ್ದಾಪುರದಲ್ಲಿ. ಬಂದವರು ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುವವರು. ರಾಕ್ಷಸ ವೇಷದ ಪಕ್ಕದಲ್ಲಿ ರಾತ್ರಿಯಿಡೀ ಕೂತು ಬಂದವರಿಗೆ ನನ್ನ ಸೂಜಿ ಕಂಡರೆ ಹೆದರಿಕೆ. ಭಾಗವತರ ಪದ ಹಚ್ಚಿ, ಹೆಡ್‌ಫೋನು ಹಾಕುವ ಮೊದಲು, “ಮಾತಾಡೋಕೆ ಹೋಗಬೇಡಿ. ನೋವಾದರೆ ಎಡಗೈ ಎತ್ತಿ ಸಾಕು, ನಾನು ನಿಲ್ಲಿಸ್ತೇನೆ” ಎಂದೆ. ತಲೆ ಆಡಿಸಿದರು.

ಕೊರೆಯಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ಕೈ ಎದ್ದಿತು. ತಕ್ಷಣ ನಿಲ್ಲಿಸಿದೆ. ಹೆಡ್‌ಫೋನು ಸರಿಸಿ, “ನೋಯ್ತಾ?” ಎಂದೆ. “ಇಲ್ಲ ಇಲ್ಲ” ಎಂದರು. ಮತ್ತೆ ಶುರುಮಾಡಿದೆ. ಮತ್ತೆ ಕೈ ಎದ್ದಿತು. ಇನ್ನಷ್ಟು ಮರಗಟ್ಟುವ ಔಷಧಿ ಕೊಟ್ಟೆ. ದವಡೆ ಕಲ್ಲಾಯಿತು. ಆದರೂ ಕೈ ಏಳುತ್ತಲೇ ಇದೆ, ಅದೂ ಒಂದೇ ಅಂತರಕ್ಕೆ, ಗಡಿಯಾರ ಹೊಡೆದ ಹಾಗೆ! ಇಷ್ಟು ಔಷಧಿಗೂ ಬಗ್ಗದ ನರ ಯಾವುದಪ್ಪಾ ಎಂದು ನನಗೆ ಬೆವರು ಕಿತ್ತುಕೊಂಡಿತು.

“ನಿಜ ಹೇಳಿ, ಎಲ್ಲಿ ನೋಯ್ತದೆ?”

“ನೋವು ಎಂತದೂ ಇಲ್ಲ ಡಾಕ್ಟ್ರೇ,” ಎಂದರು ಮರಗಟ್ಟಿದ ತುಟಿಯಲ್ಲಿ. “ತಾಳ ಮುಗೀತಲ್ಲ, ಕೈ ಸುಮ್ನಿರೂದಿಲ್ಲ.”

ನಾನು ಹಟ ಬಿಡಲಿಲ್ಲ. “ಆಯ್ತು, ಕೈ ನಿಮ್ಮ ತಾಳಕ್ಕೇ ಇರಲಿ. ನೋವಾದರೆ ಕಾಲು ಎತ್ತಿ” ಎಂದೆ.

ಅವರು ನನ್ನ ಔಷಧಿಯ ಟ್ರೇ ಇದ್ದ ಜಾಗವನ್ನು ನೋಡಿ ಗಂಭೀರವಾಗಿ ಹೇಳಿದರು: “ಅಡ್ಡಿಲ್ಲ. ಆದ್ರೆ ಆ ಟ್ರೇ ಒಂಚೂರು ಆಚೆ ಇಟ್ಕಳಿ. ಮುಂದಿಂದು ಯುದ್ಧದ ಪದ.”

೫. ನೆಪ

ಶನಿವಾರ ಶಿರಸಿಯಿಂದ ಯಲ್ಲಾಪುರದ ಬಸ್ಸು. ಒಂದು ರಾಗವನ್ನು ಮೊದಲಿನಿಂದ ಕೊನೆಯವರೆಗೆ ಅಡ್ಡಿ ಇಲ್ಲದೆ ಕೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಯಾವುದು? ಕಿಟಕಿಯ ಸೀಟು ಹಿಡಿದು, ಡಬ್ಬಿಯನ್ನು ತೊಡೆಯ ಮೇಲಿಟ್ಟು, ಅದರ ದಪ್ಪ ವೈರು ಸಿಕ್ಕಿಸಿ, ಹೆಡ್‌ಫೋನು ಏರಿಸಿ ಕಣ್ಣು ಮುಚ್ಚಿದೆ.

ಯಾರೋ ತೋಳು ತಟ್ಟಿದರು. ಪಕ್ಕದಲ್ಲಿ ಒಬ್ಬ ಹಿರಿಯ ಹೆಂಗಸು, ಮಂಚಿಕೇರಿಯವರಂತೆ. ತುಟಿ ಆಡಿಸುತ್ತಿದ್ದರು. ನಾನು ಒಂದು ಕಿವಿ ತೆಗೆದೆ.

“ಎಷ್ಟು ವರ್ಷ ಆತು ತಂಗೀ ಕಿವಿ ಹೋಗಿ?”

ನಾನು ಬೇಗ ಉತ್ತರ ಕೊಡಬೇಕಿತ್ತು. ಆದರೆ ಕಿವಿಯ ಮಾತು ಬಂದ ಕೂಡಲೇ ಹುಬ್ಬಳ್ಳಿಯ ಡಾಕ್ಟರು ಹೇಳಿದ್ದು ನೆನಪಾಗಿ, “ಹಾಗೇನಿಲ್ಲ... ಸ್ವಲ್ಪ, ಮೇಲಿನ ಸ್ವರ ಮಾತ್ರ...” ಎಂದು ತಡವರಿಸಿದೆ. ಅಷ್ಟೇ ಸಾಕಾಯಿತು.

“ಅಯ್ಯೋ ದೇವ್ರೇ, ಈ ವಯಸ್ಸಿಗೆ! ಪಾಪ, ಮಷಿನ್ನಾದರೂ ಎಷ್ಟು ದೊಡ್ಡದು ನೋಡಿ. ಪೂರ್ತಿ ಹೋದವ್ಕೇ ಇಷ್ಟು ದೊಡ್ಡದು ಕೊಡೂದಡ.” ಇದನ್ನು ಅವರು ನನಗೆ ಹೇಳಲಿಲ್ಲ, ಇಡೀ ಬಸ್ಸಿಗೆ ಹೇಳಿದರು. ಅಲ್ಲಿಂದ ಮುಂದೆ ಬಸ್ಸು ನನ್ನನ್ನು ದತ್ತು ತೆಗೆದುಕೊಂಡಿತು. ಮುಂದಿನ ಸೀಟಿನವರು ಹಿಂತಿರುಗಿ ಕೈಸನ್ನೆಯಲ್ಲಿ ಊಟ ಆಯಿತೇ ಎಂದು ಕೇಳಿದರು. ಇನ್ನೊಬ್ಬರು ಕಿತ್ತಳೆ ಸುಲಿದು ಕೊಟ್ಟರು. ಕಂಡಕ್ಟರು ನನ್ನ ಕಿವಿಯ ಹತ್ತಿರ ಬಗ್ಗಿ, “ಅಕ್ಕಾರ! ಯಲ್ಲಾಪುರ ಬಂದ್ರ ನಾ ಹೇಳ್ತೀನ್ರೀ! ಕಾಳಜಿ ಬ್ಯಾಡ್ರೀ!” ಎಂದು ಅರಚಿದರು. ಉಳಿದಿದ್ದ ಮೇಲಿನ ಸ್ವರದಲ್ಲಿ ಅರ್ಧ ಅಲ್ಲೇ ಹೋಗಿರಬೇಕು.

“ಇದು ಹಾಡು ಕೇಳುವುದು ಅಮ್ಮಾ!” ಎಂದೆ. “ಹೌದು ಹೌದು, ನಿಂಗೆ ಕೇಳ್ತು, ಎಲ್ಲಾ ಕೇಳ್ತು” ಎಂದು ಬೆನ್ನು ಸವರಿದರು. ಕೊನೆಗೆ ಹೆಡ್‌ಫೋನನ್ನು ಅವರ ಕಿವಿಗೇ ಇಟ್ಟೆ. ಅವರ ಮುಖ ಬದಲಾಯಿತು. ಕಣ್ಣು ದೊಡ್ಡದಾಯಿತು. ಬಹಳ ಹೊತ್ತು ಅಲ್ಲಾಡಲಿಲ್ಲ. ಮಂಚಿಕೇರಿ ಹತ್ತಿರ ಬರುತ್ತಿದ್ದಾಗ ತೆಗೆದು ಜೋಪಾನವಾಗಿ ನನ್ನ ತೊಡೆಯ ಮೇಲಿಟ್ಟರು.

“ಎಲ್ಲಿ ಸಿಗ್ತೇ ಇದು? ಎಂಗಳ ಮನೆಯವ್ಕೆ ಒಂದು ತಗಳವು.”

“ಅವರಿಗೂ ಸಂಗೀತ ಇಷ್ಟವಾ?”

“ಸಂಗೀತ ಎಂತಕ್ಕೆ!” ಎಂದು ಚೀಲ ಎತ್ತಿಕೊಂಡು ಎದ್ದರು. “ಮದುವೆ ಆದಾಗಿಂದ ಆನು ಎಂತ ಹೇಳಿದ್ರೂ ‘ಕೇಳಿದ್ದಿಲ್ಲೆ’ ಹೇಳ್ತ. ಇದನ್ನ ಹಾಕಿಬಿಟ್ರೆ, ಆ ನೆಪ ಒಂದು ತಪ್ತು.”

೬. ಕಷಾಯ

ಮನೆಯಲ್ಲಿ ‘ಎಂತಕ್ಕೆ’ ನಿಂತಿರಲಿಲ್ಲ. ಒಂದು ಭಾನುವಾರ ನಮ್ಮ ಮನೆಯವರು ಸವಾಲು ಹಾಕಿದರು: “ಒಂದೇ ಹಾಡನ್ನ ಒಂದು ಸಲ ಫೋನಿಂದ, ಒಂದು ಸಲ ಡಬ್ಬಿಯಿಂದ ಹಾಕ್ತೆ. ಕಣ್ಣು ಕಟ್ಕಂಡು ಹೇಳು, ಯಾವ್ದು ಯಾವ್ದು.”

ಹೇಳಿದೆ. ಸರಿಯಾಯಿತು. ಇನ್ನೊಮ್ಮೆ ಎಂದರು. ಅದೂ ಸರಿಯಾಯಿತು. ಅರ್ಥಶಾಸ್ತ್ರದವರು ಅಷ್ಟಕ್ಕೆ ಒಪ್ಪಲಿಲ್ಲ. “ನಿಂಗೆ ಮೊದಲೇ ಪಕ್ಷಪಾತ ಇದ್ದು. ಪಕ್ಷಪಾತ ಇಲ್ಲದವು ಯಾರಾದ್ರೂ ಹೇಳವು” ಎಂದು, ಅತ್ತೆಯ ತಲೆಗೆ ಹೆಡ್‌ಫೋನು ತೊಡಿಸಿದರು. ಅತ್ತೆಗೆ ಸಂಗೀತದಲ್ಲಿ ಅಂಥ ಆಸಕ್ತಿ ಏನೂ ಇಲ್ಲ. ಅದೇ ಅವರ ಅರ್ಹತೆ.

ಮೊದಲು ಫೋನಿನಿಂದ ಹಾಡು. ಅತ್ತೆ ಸುಮ್ಮನೆ ಕೇಳಿದರು. “ಹ್ಞೂಂ, ಯಾರೋ ಹಾಡ್ತ” ಎಂದರು. ನಮ್ಮ ಮನೆಯವರು ನನ್ನ ಕಡೆ ನೋಡಿ ನಕ್ಕರು.

ಆಮೇಲೆ ಡಬ್ಬಿಯಿಂದ. ಅತ್ತೆ ಕಣ್ಣು ಕಿರಿದು ಮಾಡಿಕೊಂಡರು. ತಲೆ ಒಂದು ಪಕ್ಕಕ್ಕೆ ವಾಲಿಸಿದರು. ಕೈಯಿಂದ ‘ತಡಿ’ ಎಂದು ಸನ್ನೆ ಮಾಡಿ ಇನ್ನಷ್ಟು ಕೇಳಿದರು. ನಾವಿಬ್ಬರೂ ಹತ್ತಿರ ಸರಿದೆವು.

“ಎಂತ ಗೊತ್ತಾತು ಆಯಿ?”

“ಅಂವ ಉಸಿರು ಎಳೆಯೂದು ಕೇಳು,” ಎಂದರು ಅತ್ತೆ, ಹೆಡ್‌ಫೋನು ತೆಗೆಯುತ್ತ. “ಎಡಗಡೆ ಎದೆಯಲ್ಲಿ ಕಫ ಕಟ್ಟಿದ್ದು. ಒಂದು ಲೋಟ ಶುಂಠಿ ಕಷಾಯ ಕುಡ್ಕಂಡು ಹಾಡಿದ್ದಿದ್ರೆ ಅಡ್ಡಿಲ್ಲೆ ಆಗ್ತಿತ್ತು.”

ಅವತ್ತಿನಿಂದ ನಮ್ಮ ಮನೆಯವರು ಡಬ್ಬಿಯ ಬಗ್ಗೆ ‘ಎಂತಕ್ಕೆ’ ಎಂದಿಲ್ಲ. ಆದರೆ ಅತ್ತೆಯ ಎದುರು ಉಸಿರಾಡುವಾಗ ಸ್ವಲ್ಪ ಎಚ್ಚರಿಕೆಯಿಂದ ಇರುತ್ತಾರೆ.

೭. ಆ ಮೌನ

ಯಲ್ಲಾಪುರದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಹೈಸ್ಕೂಲಿನಲ್ಲಿ ಕನ್ನಡ ಹೇಳಿದವರು, ಸಂಗೀತವೆಂದರೆ ಪ್ರಾಣ. ನಾನು ಅವರ ಹಲ್ಲು ನೋಡುತ್ತೇನೆ, ಅವರು ನನ್ನ ಸಂಗೀತ ಜ್ಞಾನ ತಿದ್ದುತ್ತಾರೆ. ಅವರು ಯೌವನದಲ್ಲಿದ್ದಾಗ ಮಂಚಿಕೇರಿಯ ಒಂದು ಮನೆಯಲ್ಲಿ ದೊಡ್ಡ ಗವಾಯಿಗಳೊಬ್ಬರ ಬೈಠಕ್ ನಡೆದಿತ್ತು. ಗವಾಯಿಗಳಿಗೆ ಆಗಲೇ ಬಹಳ ವಯಸ್ಸು. ಮೇಷ್ಟ್ರು ಎದುರಿನ ಸಾಲಿನಲ್ಲೇ ಕೂತು ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಿಡಿದಿದ್ದರು.

ಆ ಬೈಠಕ್ಕಿನಲ್ಲಿ ಒಂದು ಘಟನೆ ನಡೆಯಿತು. ತಾರ ಷಡ್ಜದಲ್ಲಿ, ಎಂದರೆ ಮೇಲಿನ ‘ಸಾ’ದಲ್ಲಿ, ತಾನ್ ಹಾಡುತ್ತಿದ್ದ ಗವಾಯಿಗಳು ಥಟ್ಟನೆ ನಿಂತುಬಿಟ್ಟರು. ಕಣ್ಣು ಮುಚ್ಚಿದರು. ಶಾಲಿನ ಅಂಚಿನಿಂದ ಮುಖ ಮರೆಮಾಡಿಕೊಂಡರು. ತಂಬೂರಿ ಮಾತ್ರ ನುಡಿಯುತ್ತಿತ್ತು. ಸಭೆ ಸ್ತಬ್ಧ. ಆಮೇಲೆ ಶಾಲು ಸರಿಸಿ ಅದೇ ಸ್ವರಕ್ಕೆ ಬಂದು ನಿಂತರು. ಇಷ್ಟೇ. ಈ ಮೌನದ ಬಗ್ಗೆ ಮೇಷ್ಟ್ರು ನಮ್ಮ ತಾಲೂಕುಗಳಲ್ಲಿ ಭಾಷಣ ಮಾಡದ ವೇದಿಕೆ ಇಲ್ಲ. “ಅದು ವಿರಾಮವಲ್ಲ, ಸಮಾಧಿ!” ಎನ್ನುತ್ತಾರೆ. “ಗಮನಿಸಿ, ಮೌನಕ್ಕೆ ಮೊದಲು ಅವರು ‘ಸಾ’ ಎನ್ನುತ್ತಿಲ್ಲ, ‘ಷಾ’ ಎನ್ನುತ್ತಿದ್ದಾರೆ. ಷಡ್ಜ ಅಲ್ಲವೇ! ಎಲ್ಲರೂ ಮರೆತ ಮೂಲ ಉಚ್ಚಾರ! ಮೌನದ ಆಚೆ ಮತ್ತೆ ಲೋಕಕ್ಕೆ ಇಳಿದು ಬಂದು ‘ಸಾ’ ಎನ್ನುತ್ತಾರೆ.” ಹೇಳುವಾಗ ಪ್ರತಿ ಸಲವೂ ಅವರ ಕಣ್ಣು ತುಂಬುತ್ತದೆ.

ಆ ಟೇಪು ಹಾಳಾಗುವ ಮೊದಲು ಫೈಲು ಮಾಡಿಸಿ ಎಂದು ನಾನು ಹಿಂದೆ ಬಿದ್ದೆ. ಮೇಷ್ಟ್ರು ಟೇಪನ್ನು ಯಾರ ಕೈಗೂ ಕೊಡುವವರಲ್ಲ. ಶನಿವಾರ ಬಂದಾಗಲೆಲ್ಲ ಕೇಳಿದೆ. ಕೇಳಿ ಕೇಳಿ ಬೇಸರ ಬಂದು ಕೊಟ್ಟರು. ಹುಬ್ಬಳ್ಳಿಯಲ್ಲಿ ಮಾಡಿಸಿ, ಮೆಮೊರಿ ಕಾರ್ಡಿಗೆ ಹಾಕಿ, ಮುಂದಿನ ಶನಿವಾರ ಯಲ್ಲಾಪುರದ ಕೋಣೆಯಲ್ಲಿ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೇಳಲು ಕೂತೆ.

ಅದ್ಭುತ ಗಾಯನ. ಟೇಪಿನ ಸರಸರ ಸದ್ದಿನ ಹಿಂದೆ ಯಾರೋ ಎಲೆ-ಅಡಿಕೆಯ ಕವಳ ಮೆಲ್ಲುವುದು, ಯಾರೋ ಬಾಗಿಲು ಎಳೆಯುವುದು ಎಲ್ಲ ಕೇಳುತ್ತಿತ್ತು. ತಾರ ಷಡ್ಜ ಹತ್ತಿರ ಬಂತು. ಮೇಷ್ಟ್ರು ಹೇಳಿದ್ದು ನಿಜ. ‘ಷಾ’. ಇನ್ನೊಮ್ಮೆ, ಇನ್ನೂ ಸಡಿಲವಾಗಿ, ‘ಷ್ಷಾ’. ನನ್ನ ಮೈ ಜುಮ್ಮೆಂದಿತು. ಭಕ್ತಿಯಿಂದಲ್ಲ. ಈ ‘ಷ್ಷಾ’ ನನಗೆ ಪರಿಚಯದ್ದು. ಇದನ್ನು ನಾನು ವಾರದ ಎಲ್ಲ ದಿನವೂ ಕೇಳುತ್ತೇನೆ.

ಆಮೇಲೆ ಆ ಮೌನ. ತಂಬೂರಿ. ಬಟ್ಟೆ ಸರಿದ ಸದ್ದು. ಮತ್ತೆ, ಬಲಗಿವಿಯಲ್ಲಿ, ಸಣ್ಣಗೆ, ಮೆತ್ತಗೆ: ಟಕ್.

ನಿಲ್ಲಿಸಿದೆ. ಹಿಂದಕ್ಕೆ ತಂದು ಮತ್ತೆ ಕೇಳಿದೆ. ಟಕ್. ಜಗತ್ತಿನ ಯಾವ ಸಂಗೀತ ವಿದ್ವಾಂಸರಿಗೂ ಇದು ಏನೆಂದು ತಿಳಿಯಲಾರದು. ನನಗೆ ಸಂಶಯವೇ ಬರಲಿಲ್ಲ. ಮೇಲಿನ ದವಡೆಗೆ ಕಟ್ಟಿಸಿದ ಪೂರ್ತಿ ಹಲ್ಲುಸೆಟ್ಟು. ತಾನಿನ ರಭಸಕ್ಕೆ ಜಾರಿದೆ, ‘ಸಾ’ ಹೋಗಿ ‘ಷಾ’ ಆಗಿದೆ, ಹೆಬ್ಬೆರಳಿನಿಂದ ಒತ್ತಿದ್ದಾರೆ, ಅಂಗುಳಿಗೆ ಕಚ್ಚಿಕೊಂಡಿದೆ.

ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಮುಗಿದ ಮೇಲೆ ಮುಂದಿನದು ಕೇಳಿದಾಗ ನಗು ನಿಂತಿತು. ಆ ವಯಸ್ಸಿನ ಮನುಷ್ಯ, ತುಂಬಿದ ಸಭೆ, ಬಾಯಿಯಿಂದ ಹಲ್ಲೇ ಜಾರಿದೆ. ಇನ್ನೊಬ್ಬರಾಗಿದ್ದರೆ ಎದ್ದು ಹೋಗುತ್ತಿದ್ದರು. ಇವರು ಶಾಲು ಮರೆ ಮಾಡಿ, ಹಲ್ಲು ಕೂರಿಸಿ, ಬಿಟ್ಟ ಸ್ವರಕ್ಕೇ ಕೂದಲೆಳೆಯಷ್ಟೂ ಆಚೀಚೆ ಆಗದೆ ಬಂದು ನಿಂತಿದ್ದಾರೆ. ಹಲ್ಲು ಜಾರಿತ್ತು, ಸ್ವರ ಜಾರಿರಲಿಲ್ಲ. ಆ ‘ಸಾ’ ಕೇಳಿ ನಾನು ಕೂತಲ್ಲಿಂದಲೇ ಕೈ ಮುಗಿದೆ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಮೇಷ್ಟ್ರು. ಟೇಪು ವಾಪಸ್ ತೆಗೆದುಕೊಂಡು ಹೋಗಲು ಬಂದವರು ಹೆಡ್‌ಫೋನು ನೋಡಿ, “ಎಂಗೂ ಕೇಳ್ಸು ತಂಗಿ” ಎಂದರು. ಬೇರೆ ಕುರ್ಚಿ ಇರಲಿಲ್ಲ. ಹಲ್ಲಿನ ಕುರ್ಚಿಯಲ್ಲೇ ಒರಗಿಸಿ, ಕಿವಿಗೆ ಹಾಕಿ, ನಾನು ಪಕ್ಕದಲ್ಲಿ ನಿಂತೆ. ಕೇಳಿಬಿಟ್ಟರೆ? ಇಷ್ಟು ವರ್ಷದ ಭಾಷಣ ಏನಾಗಬೇಕು?

‘ಷಾ’ ಬಂದಿತೆಂದು ಅವರ ಮುಖದಿಂದ ತಿಳಿಯಿತು. ಮೌನ ಬಂತು. ಕಣ್ಣು ಮುಚ್ಚಿದರು. ಥಟ್ಟನೆ ಎದ್ದು ಕೂತು ನನ್ನ ಕೈ ಹಿಡಿದುಕೊಂಡರು.

“ಕೇಳ್ದ್ಯನೇ? ಟಕ್ ಹೇಳಿ ಒಂದು ಸದ್ದು?”

“ಕೇಳಿತು ಮೇಷ್ಟ್ರೇ,” ಎಂದೆ.

ಅವರ ಕೆನ್ನೆಯ ಮೇಲೆ ಧಾರಾಕಾರ ನೀರು. “ಇಷ್ಟು ವರ್ಷ ಎದುರಿಗೆ ಕೂತವಂಗೇ ಕೇಳಿದ್ದಿಲ್ಲೆ! ಎಂತ ಗೊತ್ತಿದ್ದ ಅದು? ಜೀವಾತ್ಮ ಹೋಗಿ ಪರಮಾತ್ಮನಲ್ಲಿ ಸೇರಿದ ಸದ್ದು!”

ಬಾಯಿ ತೆರೆದೆ. ಹೇಳಬೇಕೋ ಬೇಡವೋ? ನನ್ನ ವಿದ್ಯೆಗೂ ಸುಳ್ಳಾಗಬಾರದು, ಆ ಕಣ್ಣೀರಿಗೂ ಅವಮಾನವಾಗಬಾರದು.

“ಹೌದು ಮೇಷ್ಟ್ರೇ,” ಎಂದೆ. “ಸರಿಯಾಗಿ ಕೂತ ಸದ್ದು.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಮೊದಲ ಸಲ ಶಿಷ್ಯೆಯನ್ನು ಮೆಚ್ಚಿಕೊಂಡ ಗುರುವಿನ ಹಾಗೆ.

“ಬರೀ ಹಲ್ಲಿನ ಡಾಕ್ಟ್ರು ಹೇಳಿ ತಿಳ್ಕಂಡಿದ್ದೆ. ನಿಂಗೆ ಸಂಗೀತದ ಒಳಗಿನ ಮರ್ಮ ಗೊತ್ತಿದ್ದು ತಂಗೀ!”